ಒಂದು ಫೇಸಿನ ವಿದ್ಯುತ್ ಬೀಸಣಿಗೆಗೆ ಕೆಪಾಸಿಟರನ್ನು ಜೋಡಿಸುವ ಕ್ರಮ

೧೯೦೨ನೆಯ ಇಸವಿಯಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಉತ್ಪತ್ತಿಯಾದ ವಿದ್ಯುಚ್ಛಕ್ತಿಯು ಮೊದಲು ಹೋದುದು ಕೋಲಾರದ ಚಿನ್ನದ ಗಣಿಗಳಿಗೆ. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಅದರಿಂದ ದೀಪಗಳು ಉರಿದವು. ರೈತನ ಹಟ್ಟಿಬಾಗಿಲಿಗೆ ಬರಲು ಅದಕ್ಕೆ ಇನ್ನೂ ಬಹುಕಾಲ ಹಿಡಿಯಿತು. ಈಗಲಾದರೋ ಹಳ್ಳಿಯ ಮನೆಗಳಲ್ಲಿಯೂ, ಹುಳು ಸಾಕುವ ಕೊಠಡಿಗಳಲ್ಲಿಯೂ, ರಾಶಿ ತೂರುವ ಕಣಗಳಲ್ಲಿಯೂ ವಿದ್ಯುತ್ ಬೀಸಣಿಗೆಯು ಸಾಮಾನ್ಯ ಸಲಕರಣೆಯಾಗಿದೆ. ಇದನ್ನು ಕೊಳ್ಳಲು ಬಲ್ಲವರು ಅನೇಕರು. ಅದರೊಳಗಿನ ಮೂರು ತಂತಿಗಳ ಮರ್ಮವನ್ನು ಬಲ್ಲವರು ಕೆಲವರೇ. ಆದಕಾರಣ ಬೀಸಣಿಗೆಯು ನಿಂತೊಡನೆ ಮೋಟಾರು ಸುಟ್ಟಿತೆಂದು ತಿಳಿದು, ಹತ್ತಾರು ಮೈಲಿ ದೂರದ ಪಟ್ಟಣಕ್ಕೆ ಹೊತ್ತು ಹೋಗಿ, ಸುರುಳಿಯನ್ನು ಹೊಸದಾಗಿ ಸುತ್ತಿಸಿ ವೃಥಾ ಹಣವನ್ನು ತೆತ್ತವರು ಬಹುಮಂದಿ ಇದ್ದಾರೆ. ಅಂಥವುಗಳಲ್ಲಿ ಎಷ್ಟೋ ಮೋಟಾರುಗಳಿಗೆ ಬೇಕಾಗಿದ್ದುದು ನೂರು ರೂಪಾಯಿಗೂ ಕಡಮೆ ಬೆಲೆಯ ಒಂದು ಕೆಪಾಸಿಟರು ಮಾತ್ರ.

ರೇಷ್ಮೆ ಸಾಕುವವರಿಗೆ ಈ ವಿಷಯವು ಹೆಚ್ಚು ಮುಖ್ಯವಾದುದು. ನಾಲ್ಕು ಜ್ವರಗಳನ್ನು ಕಳೆದು ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟಾಗ ಅವು ಬಹಳ ತೇವವನ್ನು ಹೊರಗೆಡಹುತ್ತವೆ. ಆ ಎರಡು ಮೂರು ದಿವಸಗಳಲ್ಲಿ ಕೊಠಡಿಯ ಗಾಳಿಯು ಓಡಾಡದೆ ನಿಂತರೆ ಗೂಡಿನ ನೂಲು ಸಲೀಸಾಗಿ ಬಿಚ್ಚಿಕೊಳ್ಳುವುದಿಲ್ಲ. ಸಂತೆಯಲ್ಲಿ ಬೆಲೆ ಬೀಳುತ್ತದೆ. ಒಂದು ತಿಂಗಳ ದುಡಿಮೆಯು ಒಂದು ರಾತ್ರಿ ನಿಂತ ಬೀಸಣಿಗೆಯಿಂದ ಕೆಡಬಹುದು. ಅಂತಹ ರಾತ್ರಿ ಯಾವ ಕೆಲಸಗಾರನೂ ದೊರೆಯುವುದಿಲ್ಲವೆಂಬುದು ಅನುಭವಸ್ಥರಿಗೆಲ್ಲ ಗೊತ್ತು.

ಕೆಪಾಸಿಟರು ಏಕೆ ಬೇಕು

ಹಳೆಯ ಕೆಲಸಗಾರರು ಇದನ್ನು ಕಂಡೆನ್ಸರ್ ಎಂದು ಕರೆಯುವರು, ಎರಡೂ ಒಂದೇ. ಇದರ ಕೆಲಸವನ್ನು ತಿಳಿಯಲು ರಾಗಿ ಬೀಸುವ ಕಲ್ಲನ್ನು ನೆನೆಯಬಹುದು. ಕಲ್ಲಿನ ಗೂಟವನ್ನು ಹಿಡಿದು, ಕೈಯನ್ನು ಸುತ್ತ ಆಡಿಸದೆ, ನೇರವಾಗಿ ಮುಂದಕ್ಕೂ ಹಿಂದಕ್ಕೂ ಮಾತ್ರ ನೂಕಿದರೆ ಕಲ್ಲು ತಿರುಗದು, ನಿಂತಲ್ಲಿಯೇ ಮಿಸುಕಾಡುವುದು. ಆದರೆ ಎದುರಿಗೆ ಒಬ್ಬಳೂ ಅವಳ ಪಕ್ಕಕ್ಕೆ ಕಾಲು ಸುತ್ತಿನ ದೂರದಲ್ಲಿ ಇನ್ನೊಬ್ಬಳೂ ಕುಳಿತು, ಮೊದಲನೆಯವಳು ನೂಕಿದ ಸ್ವಲ್ಪ ಹೊತ್ತಿಗೆ ಎರಡನೆಯವಳು ತನ್ನ ಕಡೆಯಿಂದ ನೂಕಿದರೆ ಕಲ್ಲು ಸುತ್ತತೊಡಗುತ್ತದೆ. ಇಬ್ಬರೂ ಒಂದೇ ಕ್ಷಣದಲ್ಲಿ ನೂಕಿದರೆ ಪ್ರಯೋಜನವಿಲ್ಲ. ಸ್ಥಳದಲ್ಲಿಯೂ ವ್ಯತ್ಯಾಸವಿರಬೇಕು, ಕಾಲದಲ್ಲಿಯೂ ವ್ಯತ್ಯಾಸವಿರಬೇಕು.

ನಮ್ಮ ಮನೆಗಳಿಗೆ ಬರುವ ವಿದ್ಯುತ್ಪ್ರವಾಹವು ೨೩೦ ವೋಲ್ಟಿನದು. ಸೆಕೆಂಡಿಗೆ ೫೦ ಆವೃತ್ತಿಗಳಂತೆ ಹಿಂದೆ ಮುಂದೆ ಹರಿಯತಕ್ಕದ್ದು. ಇದನ್ನು ಒಂದೇ ಸುರುಳಿಯಲ್ಲಿ ಹರಿಯಿಸಿದರೆ ಅದರಿಂದ ಹುಟ್ಟುವ ಕಾಂತಬಲವು ಹೆಚ್ಚುತ್ತ ತಗ್ಗುತ್ತ ಒಂದೇ ಗೆರೆಯಲ್ಲಿ ನಿಲ್ಲುವುದೇ ಹೊರತು ಸುತ್ತುವುದಿಲ್ಲ. ಮೂರು ಫೇಸಿನ ಮೋಟಾರುಗಳಿಗೆ ಈ ತೊಂದರೆಯಿಲ್ಲ. ಅಲ್ಲಿ ಮೂರು ಪ್ರವಾಹಗಳೂ ಒಂದರ ಹಿಂದೊಂದು ಬರುವುದರಿಂದ ಕಾಂತಬಲವು ತಾನಾಗಿಯೇ ಸುತ್ತುತ್ತದೆ. ಒಂದು ಫೇಸಿನ ಮೋಟಾರಿಗೆ ಎರಡನೆಯ ಪ್ರವಾಹವನ್ನು ನಾವೇ ಏರ್ಪಡಿಸಿಕೊಡಬೇಕು. ಆದುದರಿಂದ ಬೀಸಣಿಗೆಯ ಮೋಟಾರಿನೊಳಗೆ ಎರಡು ಸುರುಳಿಗಳನ್ನು ಸುತ್ತಿರುತ್ತಾರೆ. ಒಂದು ಓಡಿಸುವ ಸುರುಳಿ, ಅಂದರೆ ರನ್ನಿಂಗ್ ವೈಂಡಿಂಗ್. ಇನ್ನೊಂದು ಹೊರಡಿಸುವ ಸುರುಳಿ, ಅಂದರೆ ಸ್ಟಾರ್ಟಿಂಗ್ ವೈಂಡಿಂಗ್. ಸ್ಥಳದ ವ್ಯತ್ಯಾಸವನ್ನು ಸುತ್ತುವಾಗಲೇ ಮಾಡಿರುತ್ತಾರೆ. ಕಾಲದ ವ್ಯತ್ಯಾಸವನ್ನು ಉಂಟುಮಾಡುವುದು ಕೆಪಾಸಿಟರು.

ಕೆಪಾಸಿಟರಿನಲ್ಲಿ ಇರುವುದೆಂದರೆ, ಪ್ಲಾಸ್ಟಿಕಿನ ತೆಳು ಹಾಳೆಗಳ ಮೇಲೆ ಲೋಹವನ್ನು ಇನ್ನೂ ತೆಳುವಾಗಿ ಹಚ್ಚಿ, ಒಂದಕ್ಕೊಂದು ತಾಗದಂತೆ ಸುತ್ತಿದ ಸುರುಳಿ ಅಷ್ಟೆ. ಸುರುಳಿಯೊಂದರ ಮೂಲಕ ನೇರವಾಗಿ ಹರಿಯುವ ಪ್ರವಾಹವು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ಕೆಪಾಸಿಟರಿನ ಮೂಲಕ ಹಾದುಬರುವ ಪ್ರವಾಹವು ಮುಂದೆ ಓಡುತ್ತದೆ. ಹೀಗೆ ಎರಡು ಪ್ರವಾಹಗಳ ನಡುವೆ ಸುಮಾರು ಕಾಲು ಆವೃತ್ತಿಯ, ಅಂದರೆ ಒಂದು ಸೆಕೆಂಡಿನ ಇನ್ನೂರರಲ್ಲಿ ಒಂದು ಪಾಲಿನ, ಅಂತರವು ದೊರೆಯುತ್ತದೆ. ಅಷ್ಟರಿಂದಲೇ ರೆಕ್ಕೆಗಳು ತಿರುಗುತ್ತವೆ. ಬೀಸಣಿಗೆಯಲ್ಲಿ ಕೆಪಾಸಿಟರು ಹೊರಡಿಸಿ ಸುಮ್ಮನಾಗುವುದಿಲ್ಲ. ಓಡುವಷ್ಟು ಹೊತ್ತೂ ಕೆಲಸ ಮಾಡುತ್ತಲೇ ಇರುತ್ತದೆ. ಆದಕಾರಣ ‘ಸ್ಟಾರ್ಟಿಂಗ್’ ಎಂಬ ಹೆಸರು ಇಲ್ಲಿ ಪೂರ್ತಿಯಾಗಿ ಸರಿಯಲ್ಲ. ರೂಢಿಯಲ್ಲಿರುವುದರಿಂದ ನಾವೂ ಅದನ್ನೇ ಬಳಸಿರುತ್ತೇವೆ.

ಎಂತಹ ಕೆಪಾಸಿಟರನ್ನು ಕೊಳ್ಳಬೇಕು

ಚಾವಣಿಯ ಬೀಸಣಿಗೆಗಳಿಗೆ ೨.೨೫, ೨.೫ ಅಥವಾ ೩.೧೫ ಮೈಕ್ರೋಫ್ಯಾರಡಿನವು ಬಳಕೆಯಲ್ಲಿವೆ. ಹಳೆಯ ಕೆಪಾಸಿಟರಿನ ಮೈಮೇಲೆ ಅಥವಾ ಬೀಸಣಿಗೆಯ ಫಲಕದಲ್ಲಿ ಬರೆದಿರುವ ಅಳತೆಯದನ್ನೇ ತರತಕ್ಕದ್ದು. ವೋಲ್ಟೇಜು ೪೪೦ ಎಂದು ಬರೆದಿರಬೇಕು. ಮನೆಯ ಪ್ರವಾಹವು ೨೩೦ ವೋಲ್ಟಿನದಾಗಿರುವಾಗ ೪೪೦ ಏತಕ್ಕೆಂದು ಕೆಲವರು ಕೇಳುತ್ತಾರೆ. ಕೆಪಾಸಿಟರೂ ಸುರುಳಿಯೂ ಒಂದರ ಬೆನ್ನಿಗೆ ಒಂದು ಕೂಡಿದಾಗ ಕೆಪಾಸಿಟರಿನ ಎರಡು ತುದಿಗಳ ನಡುವೆ ಮನೆಯ ವೋಲ್ಟೇಜಿಗಿಂತ ಹೆಚ್ಚು ವೋಲ್ಟೇಜು ಏಳುವುದು ಸಹಜ. ೨೫೦ ವೋಲ್ಟಿನದನ್ನು ಅಗ್ಗವೆಂದು ಹಾಕಿದರೆ ಅದು ಬೇಗನೆ ಕೆಡುತ್ತದೆ.

ದೊಡ್ಡ ಅಳತೆಯದನ್ನು ಹಾಕಿದರೆ ಗಾಳಿ ಹೆಚ್ಚು ಬರುವುದೆಂದು ನಂಬಿ ೨.೫ರ ಸ್ಥಾನದಲ್ಲಿ ೪ನ್ನೋ ೫ನ್ನೋ ಜೋಡಿಸುವ ಚಾಳಿಯಿದೆ. ವೇಗವು ಸ್ವಲ್ಪ ಹೆಚ್ಚಿದಂತೆ ಕಾಣಬಹುದು. ಆದರೆ ಹೊರಡಿಸುವ ಸುರುಳಿಯಲ್ಲಿ ಮಿತಿಮೀರಿದ ಪ್ರವಾಹವು ಹರಿದು, ಮೋಟಾರು ಕಾದು, ಗುಂಯ್‌ಗುಡುತ್ತ, ಕೊನೆಗೆ ಸುರುಳಿಯ ಮೇಲಿನ ಲೇಪವು ಸುಡುತ್ತದೆ. ಬೇಸಿಗೆಯ ಒಂದು ತಿಂಗಳ ಗಾಳಿಗಾಗಿ ಮೋಟಾರನ್ನೇ ಬಲಿಗೊಡುವುದು ಜಾಣತನವಲ್ಲ.

ಬೀಸಣಿಗೆಯ ಕೆಪಾಸಿಟರಿಗೆ ಎರಡು ತಂತಿಗಳಿರುತ್ತವೆ. ಅವುಗಳಲ್ಲಿ ಧನ ಋಣಗಳೆಂಬ ಭೇದವಿಲ್ಲ. ಯಾವುದನ್ನು ಎತ್ತ ಸೇರಿಸಿದರೂ ಒಂದೇ.

ಕೆಲಸಕ್ಕೆ ಮೊದಲು

ಈ ಭಾಗವನ್ನು ಓದದೆ ಮುಂದಿನದನ್ನು ಯಾರೂ ಮಾಡಕೂಡದು. ಗೋಡೆಯ ಸ್ವಿಚ್ಚನ್ನು ಆರಿಸಿದ ಮಾತ್ರಕ್ಕೆ ಬೀಸಣಿಗೆಯು ನಿರ್ಜೀವವಾಯಿತೆಂದು ತಿಳಿಯತಕ್ಕದ್ದಲ್ಲ. ಸ್ವಿಚ್ಚನ್ನು ಫೇಸ್ ತಂತಿಯಲ್ಲಿ ಇಡಬೇಕೆಂಬುದು ನಿಯಮ. ಆದರೆ ತಿಳಿಯದವರು ಅದನ್ನು ನ್ಯೂಟ್ರಲ್ ತಂತಿಯಲ್ಲಿ ಇಟ್ಟಿರುವ ಮನೆಗಳು ಬೇಕಾದಷ್ಟಿವೆ. ಅಂತಹ ಮನೆಯಲ್ಲಿ ಬೀಸಣಿಗೆಯು ನಿಂತಿದ್ದರೂ ಅದರ ತಂತಿಗಳೆಲ್ಲ ಜೀವಂತವಾಗಿರುತ್ತವೆ. ಏಣಿಯ ಮೇಲೆ ನಿಂತವನು ಮುಟ್ಟಿದೊಡನೆ ಆಘಾತವಾಗಿ ಕೆಳಗೆ ಬೀಳುವನು. ಆದುದರಿಂದ ಮೀಟರಿನ ಬಳಿಯ ಮೆಯಿನ್ ಸ್ವಿಚ್ಚನ್ನೇ ಆರಿಸಿ, ಫ್ಯೂಸನ್ನು ಕಿತ್ತು ತನ್ನ ಜೇಬಿನಲ್ಲಿಯೇ ಇಟ್ಟುಕೊಳ್ಳಬೇಕು. ಜೇಬಿನಲ್ಲಿಡಬೇಕೆಂಬುದನ್ನು ವಿನೋದಕ್ಕೆ ಹೇಳಿದುದಲ್ಲ. ಮನೆಯಲ್ಲಿ ಯಾರೋ ದೀಪ ಹೋಯಿತೆಂದು ಬಂದು ಫ್ಯೂಸು ಹಾಕುವುದರಿಂದಲೇ ಅನರ್ಥಗಳಾಗುವುದುಂಟು.

ಅನಂತರ ತಂತಿಗಳನ್ನು ಟೆಸ್ಟರಿನಿಂದ ಪರೀಕ್ಷಿಸಬೇಕು. ಅದಕ್ಕೆ ಮೊದಲು ಉರಿಯುವ ಬೇರೊಂದು ಕಡೆಯಲ್ಲಿ ಟೆಸ್ಟರು ಸರಿಯಾಗಿದೆಯೆಂದು ನೋಡಿಕೊಂಡಿರಬೇಕು. ಕೆಟ್ಟ ಟೆಸ್ಟರು ಜೀವಂತ ತಂತಿಯನ್ನೂ ಸತ್ತುದೆಂದು ಹೇಳೀತು. ಒದ್ದೆ ಕೈಯಿಂದಲೂ ಒದ್ದೆ ನೆಲದ ಮೇಲೆ ಬರಿಗಾಲಲ್ಲಿಯೂ ಈ ಕೆಲಸವನ್ನು ಮಾಡಕೂಡದು.

ಕೆಪಾಸಿಟರಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಪ್ರವಾಹವು ನಿಂತ ಮೇಲೆಯೂ ಅದರಲ್ಲಿ ವಿದ್ಯುತ್ತು ಉಳಿದಿರಬಹುದು. ಎರಡು ಸುರುಳಿಗಳೂ ಸರಿಯಾಗಿದ್ದರೆ ಅದು ಅವುಗಳ ಮೂಲಕವೇ ಹರಿದು ಬರಿದಾಗುತ್ತದೆ. ಆದರೆ ಸುರುಳಿಯು ಎಲ್ಲಿಯಾದರೂ ತುಂಡಾಗಿದ್ದರೆ ಉಳಿದೇ ಇರುತ್ತದೆ. ಪ್ರಾಣಕ್ಕೆ ಅಪಾಯವಾಗುವಷ್ಟು ಅಲ್ಲದಿದ್ದರೂ ಏಣಿಯ ಮೇಲಿರುವವನನ್ನು ಬೆಚ್ಚಿಬೀಳಿಸಲು ಅದು ಸಾಕು. ಹೋಲ್ಡರಿಗೆ ಹಾಕಿದ ತಂತಿಯುಳ್ಳ ಹಳೆಯ ಬಗೆಯ ಬಲ್ಬಿನ ಎರಡು ತುದಿಗಳನ್ನು ಕೆಪಾಸಿಟರಿನ ಎರಡು ತುದಿಗಳಿಗೆ ಒಂದು ಕ್ಷಣ ತಾಗಿಸಿದರೆ ಅದು ಬರಿದಾಗುವುದು. ಕೆಲವರು ಕೆಪಾಸಿಟರನ್ನು ಪ್ಲಗ್ಗಿಗೆ ಚುಚ್ಚಿ, ಕಿತ್ತು, ತುದಿಗಳನ್ನು ತಾಗಿಸಿ ಕಿಡಿ ಹಾರಿತೇ ಎಂದು ಪರೀಕ್ಷಿಸುತ್ತಾರೆ. ಈ ಪದ್ಧತಿಯು ಅಪಾಯಕರವಾದುದು. ಅಲ್ಲದೆ ಸವೆದ ಕೆಪಾಸಿಟರೂ ಕಿಡಿಯನ್ನು ತೋರಿಸುವುದರಿಂದ ನಿಷ್ಪ್ರಯೋಜಕವೂ ಆದುದು.

ಮೂರು ತಂತಿಗಳನ್ನು ಗುರುತಿಸುವುದು

ಬೀಸಣಿಗೆಯ ಮೋಟಾರಿನಿಂದ ಸಾಮಾನ್ಯವಾಗಿ ಮೂರು ತಂತಿಗಳು ಹೊರಬರುತ್ತವೆ. ಎರಡು ಸುರುಳಿಗಳಿಗೆ ನಾಲ್ಕು ತುದಿಗಳಿರಬೇಕಷ್ಟೆ. ಅವುಗಳಲ್ಲಿ ಒಂದೊಂದನ್ನು ಒಳಗೇ ಕೂಡಿಸಿ ಒಂದು ಮಾಡಿರುತ್ತಾರೆ. ಆ ಕೂಡಿದ ತಂತಿಗೆ ಕಾಮನ್ ಎಂದು ಹೆಸರು. ಉಳಿದೆರಡು ರನ್ನಿಂಗ್ ಮತ್ತು ಸ್ಟಾರ್ಟಿಂಗ್. ಇವುಗಳ ಬಣ್ಣವು ತಯಾರಕನಿಂದ ತಯಾರಕನಿಗೆ ಬದಲಾಗುತ್ತದೆ. ಒಮ್ಮೆ ಮರುಸುತ್ತಿಸಿದ ಮೋಟಾರಿನಲ್ಲಿ ಬಣ್ಣವನ್ನು ನಂಬುವುದೇ ಬೇಡ. ಬೀಸಣಿಗೆಯೊಡನೆ ಬಂದ ಚಿತ್ರಪಟವಿದ್ದರೆ ಅದೇ ಪ್ರಮಾಣ. ಇಲ್ಲದಿದ್ದರೆ ಓಮ್ ಅಳೆಯುವ ಮೀಟರಿನಿಂದ ಹೀಗೆ ತಿಳಿಯಬಹುದು.

ಕೆಪಾಸಿಟರನ್ನು ಬಿಚ್ಚಿ ಬೇರೆಯಿಟ್ಟು, ಮೂರು ತಂತಿಗಳನ್ನು ಎರಡೆರಡಾಗಿ ಮೂರು ಬಾರಿ ಅಳೆಯಬೇಕು. ಉದಾಹರಣೆಗೆ ಕೆಂಪು ಕಪ್ಪುಗಳ ನಡುವೆ ೧೪೦ ಓಮ್, ಕಪ್ಪು ನೀಲಿಗಳ ನಡುವೆ ೧೮೦ ಓಮ್, ಕೆಂಪು ನೀಲಿಗಳ ನಡುವೆ ೩೨೦ ಓಮ್ ಬಂದಿತೆಂದು ಇಟ್ಟುಕೊಳ್ಳೋಣ. ಮೊದಲಿನ ಎರಡನ್ನು ಕೂಡಿದರೆ ಮೂರನೆಯದು ಆಗಬೇಕು, ಆಗಿದೆ. ಅತಿ ಹೆಚ್ಚಿನ ಅಳತೆಯು ಬಂದಾಗ ಹೊರಗುಳಿದ ತಂತಿ ಯಾವುದೋ ಅದೇ ಕಾಮನ್, ಇಲ್ಲಿ ಕಪ್ಪು. ಕಾಮನ್ನಿನಿಂದ ಕಡಮೆ ಓಮ್ ತೋರಿಸುವುದು ಸಾಧಾರಣವಾಗಿ ರನ್ನಿಂಗ್, ಇಲ್ಲಿ ಕೆಂಪು. ಹೆಚ್ಚು ತೋರಿಸುವುದು ಸ್ಟಾರ್ಟಿಂಗ್, ಇಲ್ಲಿ ನೀಲಿ. ಕೆಲವು ಮೋಟಾರುಗಳಲ್ಲಿ ಎರಡೂ ಸಮವಾಗಿರುವುದುಂಟು. ಆಗ ಯಾವುದನ್ನು ರನ್ನಿಂಗ್ ಮಾಡಿಕೊಂಡರೂ ಮೋಟಾರು ಓಡುವುದು. ತಿರುಗುವ ದಿಕ್ಕು ಮಾತ್ರ ಬೇರೆಯಾಗುವುದು.

ಯಾವುದಾದರೂ ಜೋಡಿಯಲ್ಲಿ ಮೀಟರು ಅಲುಗದಿದ್ದರೆ ಸುರುಳಿಯು ತುಂಡಾಗಿದೆ. ಮೂರು ತಂತಿಗಳಲ್ಲಿ ಯಾವುದಕ್ಕೂ ಬೀಸಣಿಗೆಯ ಲೋಹದ ಮೈಗೂ ನಡುವೆ ಮೀಟರು ಏನನ್ನೂ ತೋರಿಸಬಾರದು. ತೋರಿಸಿದರೆ ಪ್ರವಾಹವು ಮೈಗೆ ಸೋರುತ್ತಿದೆಯೆಂದು ಅರ್ಥ. ಅಂತಹ ಬೀಸಣಿಗೆಯನ್ನು ಎಷ್ಟೇ ಅವಸರವಿದ್ದರೂ ಹಾಕಕೂಡದು.

ಜೋಡಣೆ

ಗೋಡೆಯಿಂದ ಬರುವ ತಂತಿಗಳಲ್ಲಿ ಹಳೆಯ ಮನೆಗಳಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸುರು ಅರ್ಥ್. ಹೊಸ ಕೇಬಲುಗಳಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸುರು ಹಳದಿ ಪಟ್ಟೆಯದು ಅರ್ಥ್. ಇಲ್ಲಿಯೂ ಬಣ್ಣಕ್ಕಿಂತ ಟೆಸ್ಟರಿನ ಸಾಕ್ಷಿಯೇ ಮೇಲು.

ಫೇಸ್ ತಂತಿಯು ಮೊದಲು ಸ್ವಿಚ್ಚಿಗೆ, ಅಲ್ಲಿಂದ ರೆಗ್ಯುಲೇಟರಿಗೆ, ಅಲ್ಲಿಂದ ಬೀಸಣಿಗೆಗೆ ಬರಬೇಕು. ಬಂದ ಈ ತಂತಿಯನ್ನು ಮೋಟಾರಿನ ರನ್ನಿಂಗ್ ತಂತಿಗೆ ಕೂಡಿಸಿ, ಅದೇ ಗಂಟಿನಲ್ಲಿ ಕೆಪಾಸಿಟರಿನ ಒಂದು ತುದಿಯನ್ನೂ ಸೇರಿಸಬೇಕು. ಕೆಪಾಸಿಟರಿನ ಇನ್ನೊಂದು ತುದಿಯನ್ನು ಸ್ಟಾರ್ಟಿಂಗ್ ತಂತಿಗೆ ಕೂಡಿಸಬೇಕು. ಆ ಗಂಟಿಗೆ ಮತ್ತೇನೂ ಬರಕೂಡದು. ನ್ಯೂಟ್ರಲ್ ತಂತಿಯನ್ನು ನೇರವಾಗಿ ಕಾಮನ್ನಿಗೆ ಕೂಡಿಸಬೇಕು. ಅರ್ಥ್ ತಂತಿಯನ್ನು ಬೀಸಣಿಗೆಯ ಲೋಹದ ಮೈಗೆ ತಿರುಪಿನಿಂದ ಬಿಗಿಯಬೇಕು. ಕೆಲಸವು ಇಷ್ಟೇ. ಗಂಟುಗಳನ್ನು ಕೈಯಿಂದ ತಿರುಚಿ ಟೇಪು ಸುತ್ತುವುದಕ್ಕಿಂತ ಪಿಂಗಾಣಿಯ ಅಥವಾ ಪ್ಲಾಸ್ಟಿಕಿನ ಕನೆಕ್ಟರಿನಲ್ಲಿ ತಿರುಪು ಬಿಗಿಯುವುದು ಮೇಲು. ತಂತಿಯ ಬರಿಯ ಎಳೆಯೊಂದಾದರೂ ಹೊರಗೆ ಚಾಚಿರಬಾರದು. ಕೆಪಾಸಿಟರನ್ನು ಮೇಲಿನ ಬಟ್ಟಲಿನೊಳಗೆ, ತಿರುಗುವ ಭಾಗಕ್ಕೆ ತಾಗದಂತೆ ಕಟ್ಟಬೇಕು.

ರೆಗ್ಯುಲೇಟರಿನೊಳಗೂ ಕೆಪಾಸಿಟರುಗಳಿರುವ ಬಗೆಯೊಂದಿದೆ. ಅವು ವೇಗವನ್ನು ತಗ್ಗಿಸಲು ಇರುವಂಥವು. ಮೋಟಾರಿನ ಕೆಪಾಸಿಟರಿಗೆ ಬದಲಾಗಲಾರವು.

ಚಾವಣಿಯ ಬೀಸಣಿಗೆಯು ಕೆಳಗಿನಿಂದ ನೋಡುವವನಿಗೆ ಗಡಿಯಾರದ ಮುಳ್ಳಿಗೆ ಎದುರಾಗಿ, ಅಂದರೆ ಅಪ್ರದಕ್ಷಿಣವಾಗಿ ತಿರುಗಬೇಕು. ತಿರುಗುತ್ತಿದ್ದರೂ ಗಾಳಿಯು ಕೆಳಗೆ ಬರದಿದ್ದರೆ ದಿಕ್ಕು ತಪ್ಪಿದೆಯೆಂದು ತಿಳಿಯಬೇಕು. ಇದನ್ನು ಸರಿಪಡಿಸಲು ಫೇಸ್ ನ್ಯೂಟ್ರಲುಗಳನ್ನು ಅದಲುಬದಲು ಮಾಡುವವರಿದ್ದಾರೆ; ಅದರಿಂದ ದಿಕ್ಕು ಬದಲಾಗುವುದಿಲ್ಲ. ಎರಡು ಸುರುಳಿಗಳಲ್ಲಿಯೂ ಪ್ರವಾಹವು ಒಟ್ಟಿಗೆ ತಿರುಗಿಬೀಳುವುದರಿಂದ ಯಾವುದು ಮುಂದು ಯಾವುದು ಹಿಂದು ಎಂಬುದು ಹಾಗೆಯೇ ಉಳಿಯುತ್ತದೆ. ಕೆಪಾಸಿಟರಿನ ತುದಿಗಳನ್ನು ತಿರುಗಿಸಿದರೂ ಅಷ್ಟೇ. ಫೇಸ್ ತಂತಿಯನ್ನು ಕೆಪಾಸಿಟರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಿಸಿದರೆ ಮಾತ್ರ ದಿಕ್ಕು ಬದಲಾಗುವುದು. ಬೀಸಣಿಗೆಯು ಹಿಂದುಮುಂದಾಗಿ ತಿರುಗಿದುದು ರನ್ನಿಂಗ್ ಸ್ಟಾರ್ಟಿಂಗ್ ತಂತಿಗಳನ್ನು ಗುರುತಿಸುವುದರಲ್ಲಿ ಆದ ತಪ್ಪಿನ ಸೂಚನೆಯೂ ಆಗಿರುವುದರಿಂದ, ಅದನ್ನು ಹಾಗೆಯೇ ಓಡಗೊಡಬಾರದು.

ದೋಷಗಳು

ಸ್ವಿಚ್ಚು ಹಾಕಿದಾಗ ಬೀಸಣಿಗೆಯು ಗುಂಯ್ ಎಂದು ಸದ್ದು ಮಾಡುತ್ತ ತಿರುಗದೆ ನಿಂತಿರುವುದು ಎಲ್ಲರೂ ಕಂಡಿರುವ ದೋಷ. ಆಗ ಸ್ವಿಚ್ಚು ಆರಿಸಿ ರೆಕ್ಕೆಯನ್ನು ಕೈಯಿಂದ ತಿರುಗಿಸಿ ನೋಡಬೇಕು. ಬಿಗಿಯಾಗಿದ್ದರೆ ಬೇರಿಂಗು ಹಿಡಿದಿದೆ. ಸಲೀಸಾಗಿದ್ದರೆ ಕೆಪಾಸಿಟರಿನ ಮೇಲೆ ಸಂಶಯ ಪಡಬಹುದು. ಪ್ರವಾಹವಿರುವಾಗ ಒಣಗಿದ ಕೋಲಿನಿಂದ ರೆಕ್ಕೆಯನ್ನು ಮೆಲ್ಲಗೆ ನೂಕಿದರೆ ಅನೇಕ ವೇಳೆ ನೂಕಿದ ಕಡೆಗೆ, ಅದು ಯಾವ ಕಡೆಯಾದರೂ ಸರಿಯೆ, ನಿಧಾನವಾಗಿ ತಿರುಗತೊಡಗುವುದು. ಒಂದೇ ಸುರುಳಿಯು ಕೆಲಸ ಮಾಡುತ್ತಿದೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿಯಿಲ್ಲ. ಆದರೆ ಹೊರಡಿಸುವ ಸುರುಳಿಯೇ ತುಂಡಾಗಿದ್ದರೂ ಹೀಗೆಯೇ ಆಗುವುದರಿಂದ ಮೇಲೆ ಹೇಳಿದ ಓಮ್ ಪರೀಕ್ಷೆಯನ್ನು ಮಾಡಿ ನೋಡಿದ ಮೇಲೆ ಹೊಸದನ್ನು ತರಬೇಕು. ಕೆಪಾಸಿಟರಿನ ಅಳತೆಯನ್ನು ತೋರಿಸುವ ಮೀಟರು ಸಿಕ್ಕಿದರೆ ಒಳ್ಳೆಯದು. ಸಿಕ್ಕದಿದ್ದರೆ, ಸರಿಯಾಗಿ ಓಡುವ ಬೇರೊಂದು ಬೀಸಣಿಗೆಯ ಅದೇ ಅಳತೆಯ ಕೆಪಾಸಿಟರನ್ನು ಹಾಕಿ ನೋಡಬಹುದು.

ಬೀಸಣಿಗೆಯು ವರ್ಷದಿಂದ ವರ್ಷಕ್ಕೆ ನಿಧಾನವಾಗುತ್ತ ಬಂದರೆ ಕೆಪಾಸಿಟರು ಸವೆದಿರಬಹುದು. ಅದರ ಹಾಳೆಗೆ ಅಲ್ಲಲ್ಲಿ ಸೂಕ್ಷ್ಮವಾದ ತೂತು ಬಿದ್ದಾಗ ಸುತ್ತಲಿನ ಲೋಹವು ಉರಿದುಹೋಗಿ ಗಾಯವು ತಾನಾಗಿ ಮುಚ್ಚಿಕೊಳ್ಳುತ್ತದೆ; ಆದರೆ ಒಂದೊಂದು ಗಾಯಕ್ಕೂ ಅಳತೆಯು ಇಷ್ಟಿಷ್ಟು ಇಳಿಯುತ್ತದೆ. ಹೆಂಚಿನ ಕೆಳಗಿನ ಕಾವು ಈ ಸವೆತವನ್ನು ತ್ವರೆಗೊಳಿಸುತ್ತದೆ.

ಸಂಜೆ ಮಾತ್ರ ನಿಧಾನವಾಗುವುದಾದರೆ ಕೆಪಾಸಿಟರಿನ ತಪ್ಪಲ್ಲ. ಊರಿನ ಪಂಪುಗಳೂ ದೀಪಗಳೂ ಒಟ್ಟಿಗೆ ನಡೆಯುವಾಗ ವೋಲ್ಟೇಜು ತಗ್ಗುತ್ತದೆ. ಮೋಟಾರಿನ ತಿರುಚುಬಲವು ವೋಲ್ಟೇಜಿನ ವರ್ಗಕ್ಕೆ ಅನುಸಾರವಾಗಿರುವುದರಿಂದ ೨೩೦ ವೋಲ್ಟು ೧೭೦ಕ್ಕೆ ಇಳಿದರೆ ಬಲವು ಅರ್ಧಕ್ಕಿಂತ ತುಸು ಮಾತ್ರ ಹೆಚ್ಚಾಗಿ ಉಳಿಯುವುದು. ಈ ದೋಷಕ್ಕೆ ದೊಡ್ಡ ಕೆಪಾಸಿಟರು ಮದ್ದಲ್ಲ.

ಕಣದಲ್ಲಿಯೂ ಹುಳುವಿನ ಮನೆಯಲ್ಲಿಯೂ

ರಾಶಿ ತೂರಲು ಬೀಸಣಿಗೆಯನ್ನು ಕಣಕ್ಕೆ ಒಯ್ಯುವವರು ಮನೆಯಿಂದ ಉದ್ದವಾದ ತಂತಿಯನ್ನು ಎಳೆಯುತ್ತಾರೆ. ಮಂಜು ಬಿದ್ದ ಮುಂಜಾವದಲ್ಲಿ, ಬರಿಗಾಲಿನಲ್ಲಿ, ಗಂಟುಗಂಟಾಗಿ ಕೂಡಿಸಿದ ತಂತಿಯ ನಡುವೆ ಹೆಣ್ಣುಮಕ್ಕಳೂ ಮಕ್ಕಳೂ ಓಡಾಡುವರು. ಎತ್ತು ತುಳಿದು, ಗಾಡಿಯ ಚಕ್ರ ಹಾದು ತಂತಿಯ ಹೊದಿಕೆಯು ಹರಿಯುವುದು. ಇಲ್ಲಿ ಎರಡೆಳೆಯ ತಂತಿಯನ್ನು ಬಳಸಕೂಡದು. ೧.೫ ಚದರ ಮಿಲಿಮೀಟರಿನ, ಅರ್ಥ್ ಸಹಿತವಾದ ಮೂರೆಳೆಯ ಕೇಬಲು ಬೇಕು. ಅದು ನಡುವೆ ಗಂಟಿಲ್ಲದೆ ಒಂದೇ ತುಂಡಾಗಿರಬೇಕು. ಪ್ಲಗ್ಗು ಮೂರು ಕಡ್ಡಿಯದಾಗಿರಬೇಕು. ೩೦ ಮಿಲಿಆಂಪಿಯರಿನ ಸೋರಿಕೆಗೆ ತಾನಾಗಿ ಕಡಿದುಕೊಳ್ಳುವ ಸ್ವಿಚ್ಚೊಂದನ್ನು ಮನೆಯಲ್ಲಿ ಹಾಕಿಸಿಕೊಂಡರೆ ಹಲವು ಪ್ರಾಣಗಳು ಉಳಿಯುತ್ತವೆ. ಯಾರಾದರೂ ತಂತಿಗೆ ಸಿಕ್ಕಿಕೊಂಡರೆ ಅವರನ್ನು ಮುಟ್ಟದೆ ಮೊದಲು ಮೆಯಿನ್ ಸ್ವಿಚ್ಚನ್ನು ಆರಿಸಬೇಕು. ಅದು ದೂರವಿದ್ದರೆ ಒಣಗಿದ ಕೋಲಿನಿಂದ ತಂತಿಯನ್ನು ಸರಿಸಬೇಕು. ಹೊಟ್ಟಿನ ದೂಳು ಮೋಟಾರಿನ ಕಿಂಡಿಗಳಲ್ಲಿ ತುಂಬಿಕೊಂಡು ಕಾವನ್ನು ಹಿಡಿದಿಡುವುದರಿಂದ ಸುಗ್ಗಿ ಮುಗಿದ ಮೇಲೆ ಅದನ್ನು ಒಣ ಕುಂಚದಿಂದ ತೆಗೆಯಬೇಕು.

ಹುಳುವಿನ ಮನೆಯಲ್ಲಿ ಗಾಳಿಯನ್ನು ತಟ್ಟೆಗಳ ಮೇಲೆ ನೇರವಾಗಿ ಬಿಡಬಾರದು, ಸೊಪ್ಪು ಬಾಡುತ್ತದೆ. ಗೋಡೆಯ ಕಡೆಗೋ ಕಿಟಕಿಯ ಕಡೆಗೋ ಮುಖ ಮಾಡಿಟ್ಟರೆ ಸಾಕು. ಬೀಸಣಿಗೆಯೊಂದಕ್ಕೆ ಹೊಂದುವ ಕೆಪಾಸಿಟರೊಂದನ್ನು ಮೊದಲೇ ತಂದು, ಅಳತೆಯನ್ನು ಚೀಟಿಯಲ್ಲಿ ಬರೆದು, ಚಂದ್ರಿಕೆಗಳೊಡನೆ ಇಟ್ಟಿರುವುದು ಒಳ್ಳೆಯದು.

ಈ ಕ್ರಮವು ಹೊಂದದ ಮೋಟಾರುಗಳು

ಕೆಲವು ಸಣ್ಣ ಬೀಸಣಿಗೆಗಳಲ್ಲಿ ಕೆಪಾಸಿಟರೇ ಇರುವುದಿಲ್ಲ. ಧ್ರುವಗಳ ಒಂದು ಮೂಲೆಗೆ ತಾಮ್ರದ ಬಳೆಯನ್ನು ತೊಡಿಸಿ ಕಾಲದ ಅಂತರವನ್ನು ಪಡೆದಿರುತ್ತಾರೆ. ಈಚೆಗೆ ಬಂದಿರುವ, ಸುಮಾರು ೩೦ ವ್ಯಾಟಿನಲ್ಲಿ ಓಡುವ ಬಿ.ಎಲ್.ಡಿ.ಸಿ. ಬೀಸಣಿಗೆಗಳ ರಚನೆಯೇ ಬೇರೆ. ಅವುಗಳನ್ನು ಮಾರಿದವರ ಬಳಿಗೇ ಒಯ್ಯಬೇಕು. ಬಾವಿಯ ಪಂಪಿನ ಒಂದು ಫೇಸಿನ ಮೋಟಾರಿನಲ್ಲಿ ಹಲವು ವೇಳೆ ಎರಡು ಕೆಪಾಸಿಟರುಗಳಿರುತ್ತವೆ. ಅವುಗಳಲ್ಲಿ ಹೊರಡಿಸಲು ಮಾತ್ರ ಇರುವ ದೊಡ್ಡ ಅಳತೆಯದು ಕೆಲವು ಸೆಕೆಂಡುಗಳ ಕೆಲಸಕ್ಕೆ ಆದುದು. ವೇಗವು ಏರಿದೊಡನೆ ಒಂದು ಸ್ವಿಚ್ಚು ಅದನ್ನು ಕಡಿದುಬಿಡುತ್ತದೆ. ಅಂಥದನ್ನು ಬೀಸಣಿಗೆಗೆ ಸದಾ ಇರುವಂತೆ ಜೋಡಿಸಿದರೆ ಅದು ಕಾದು ಸಿಡಿಯುವುದು.

ಚಾವಣಿಯ ಬೀಸಣಿಗೆಯ ಕೆಲಸವು ಮುಗಿದ ಮೇಲೆ ಕೆಳಗಿಳಿಯುವ ಮುನ್ನ, ಕೊಳವೆಯನ್ನು ಕೊಕ್ಕೆಗೆ ಹಿಡಿದಿರುವ ಬೋಲ್ಟಿನ ಸೀಳುಕಡ್ಡಿಯು ಸ್ವಸ್ಥಾನದಲ್ಲಿದ್ದು ಅದರ ಎರಡು ಕಾಲುಗಳೂ ಅಗಲವಾಗಿ ಬಾಗಿವೆಯೇ ಎಂದು ನೋಡತಕ್ಕದ್ದು. ಅನಂತರ ಫ್ಯೂಸನ್ನು ಹಾಕಿ, ರೆಗ್ಯುಲೇಟರನ್ನು ಪೂರ್ಣ ವೇಗದಲ್ಲಿಟ್ಟು ಓಡಿಸಬೇಕು. ಅರ್ಧ ಗಂಟೆಯ ತರುವಾಯ ಸ್ವಿಚ್ಚನ್ನೂ ಮೆಯಿನ್ನನ್ನೂ ಆರಿಸಿ ಮೋಟಾರಿನ ಮೈಯನ್ನು ಮುಟ್ಟಿ ನೋಡಿದರೆ ಬೆಚ್ಚಗಿರಬಹುದು. ಕೈಯಿಡಲಾರದಷ್ಟು ಬಿಸಿಯಾಗಿದ್ದರೆ ಕೆಪಾಸಿಟರಿನ ಅಳತೆಯನ್ನೂ, ರನ್ನಿಂಗ್ ಸ್ಟಾರ್ಟಿಂಗ್ ತಂತಿಗಳನ್ನೂ ಮೊದಲಿನಿಂದ ಪರೀಕ್ಷಿಸಬೇಕು.